ಇಕ್ಕೇರಿಗೆ ಬಂದ ಪರದೇಶಿ: ಪಿಯೆತ್ರೊ ಡೆಲ್ಲಾ ವಾಲೆ

ವಿಜಯನಗರವನ್ನು ಕಂಡು ಬರೆದ ಪರದೇಶೀಯರ ಹೆಸರುಗಳನ್ನು ನಮ್ಮ ಶಾಲಾ ಬಾಲಕರೂ ಬಲ್ಲರು. ನಿಕೊಲೊ ಕೊಂತಿ, ಅಬ್ದುಲ್ ರಜಾಕ್, ಪಾಯಸ್, ನೂನಿಜ್ ಇವರೆಲ್ಲರೂ ಇತಿಹಾಸದ ಪಾಠಪುಸ್ತಕಗಳಲ್ಲಿ ಸ್ಥಾನ ಪಡೆದಿದ್ದಾರೆ. ವಿಜಯನಗರದ ವೈಭವವು ಅಳಿದ ಮೇಲೆ, ಕೆಳದಿಯ ಅರಸರು ಮಲೆನಾಡಿನಲ್ಲಿ ತಲೆಯೆತ್ತಿ ನಿಂತ ಕಾಲದಲ್ಲಿ ಬಂದ ಇಟಲಿಯ ಯಾತ್ರಿಕನೊಬ್ಬನಿಗೆ ನಮ್ಮ ಪಾಠಪುಸ್ತಕಗಳಲ್ಲಿ ಅಷ್ಟು ಎಡೆ ದೊರೆತಿಲ್ಲ. ಪಿಯೆತ್ರೊ ಡೆಲ್ಲಾ ವಾಲೆ ಎಂಬ ಈತನು ಯುರೋಪಿನ ಪ್ರವಾಸ ಸಾಹಿತ್ಯದಲ್ಲಿ ಬಹು ದೊಡ್ಡ ಹೆಸರು. ಕನ್ನಡ ನಾಡಿನ ಜನರ ಮನೆ, ಮಠ, ಗುಡಿ, ಹಬ್ಬ, ಪಾಠಶಾಲೆ ಇವುಗಳನ್ನು ಹತ್ತಿರದಿಂದ ಕಂಡು, ಕಂಡುದನ್ನು ಕಂಡಂತೆ ಬರೆದಿಡಲು ಯತ್ನಿಸಿದ ಪರದೇಶೀಯರಲ್ಲಿ ಈತನು ಮೊದಲ ಸಾಲಿನವನು.

ಆತನು ಬಂದುದು 1623ರಲ್ಲಿ. ಆಗ ಬಂಕಾಪುರ, ಸವಣೂರುಗಳ ಸೀಮೆಯು ವಿಜಾಪುರದ ಆದಿಲಶಾಹಿಗಳ ಆಳಿಕೆಯಲ್ಲಿದ್ದಿತು. ಹಾನಗಲ್ಲಿನಿಂದ ಆನವಟ್ಟಿ, ಸೊರಬಗಳ ಮೇಲೆ ದಕ್ಷಿಣಕ್ಕೆ ನಡೆದರೆ ಸಾಗರ; ಸಾಗರದ ಮಗ್ಗುಲಲ್ಲಿಯೇ ಇಕ್ಕೇರಿ. ಅಲ್ಲಿ ಹಿರಿಯ ವೆಂಕಟಪ್ಪ ನಾಯಕನು ಆಳುತ್ತಿದ್ದನು. ಆದಿಲಶಾಹಿಯ ದಂಡನ್ನು ನಮ್ಮ ಹಾನಗಲ್ಲಿನಲ್ಲಿ ಸೋಲಿಸಿದವನೆಂದು ಇತಿಹಾಸಕಾರರು ಹೇಳುವ ಅರಸನು ಈತನೇ. ಹೀಗಾಗಿ ಡೆಲ್ಲಾ ವಾಲೆಯ ಕಥೆ ದೂರದ ರೋಮಿನಲ್ಲಿ ಮೊದಲಾದರೂ ನಮ್ಮ ನೆರೆಯ ಸೀಮೆಗೇ ಬಂದು ಮುಟ್ಟುತ್ತದೆ.

ಡೆಲ್ಲಾ ವಾಲೆಯು 1586ರ ಏಪ್ರಿಲ್ 11ರಂದು ರೋಮ್ ನಗರದ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದನು. ಸಂಗೀತ, ಕಾವ್ಯ, ಶಸ್ತ್ರವಿದ್ಯೆ ಇವೆಲ್ಲವೂ ಅಂದಿನ ಶ್ರೀಮಂತ ತರುಣರಿಗೆ ಒದಗುವಂತೆ ಆತನಿಗೂ ಒದಗಿದವು. ಆದರೆ ಹಲವು ವರ್ಷ ಪ್ರೀತಿಸಿದ ಕನ್ಯೆಯು ಬೇರೊಬ್ಬನ ಕೈಹಿಡಿದಾಗ ಆತನಿಗೆ ಜೀವನವೇ ಬೇಡವೆನಿಸಿತು. ನೇಪಲ್ಸ್ ನಗರದ ವೈದ್ಯನೂ ಪಂಡಿತನೂ ಆದ ಮಾರಿಯೊ ಸ್ಕಿಪಾನೊ ಎಂಬ ಗೆಳೆಯನು ಸಮಾಧಾನ ಹೇಳಿ, ಪುಣ್ಯಕ್ಷೇತ್ರವಾದ ಜೆರುಸಲೇಮಿನ ಯಾತ್ರೆ ಮಾಡಿ ಬರುವಂತೆ ಬೋಧಿಸಿದನು. ಅದರಂತೆ ಡೆಲ್ಲಾ ವಾಲೆಯು ಯಾತ್ರಿಕನ ದೀಕ್ಷೆ ತೊಟ್ಟು 1614ರ ಜೂನ್ 8ರಂದು ವೆನಿಸ್ಸಿನಿಂದ ಹಡಗು ಹತ್ತಿದನು. ಮುಂದೆ ಜೀವಮಾನವಿಡೀ ಆತನು ತನ್ನ ಹೆಸರಿನೊಡನೆ ಯಾತ್ರಿಕ ಎಂಬ ಬಿರುದನ್ನು ಹಚ್ಚಿಕೊಂಡನು. ಕಂಡುದನ್ನೆಲ್ಲ ಸ್ಕಿಪಾನೊನಿಗೆ ಪತ್ರರೂಪದಲ್ಲಿ ಬರೆದು ತಿಳಿಸುತ್ತ ಹೋದನು. ಆ ಪತ್ರಗಳೇ ಇಂದು ನಮಗೆ ದೊರೆತಿರುವ ಆತನ ಪ್ರವಾಸ ಗ್ರಂಥ.

ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ತುರ್ಕಿ ಭಾಷೆ ಕಲಿತು, ಈಜಿಪ್ತಿನ ಪಿರಮಿಡ್ಡುಗಳನ್ನು ಹೊಕ್ಕು ನೋಡಿ, 1616ರಲ್ಲಿ ಜೆರುಸಲೇಮನ್ನು ದರ್ಶಿಸಿದನು. ಯಾತ್ರೆ ಅಲ್ಲಿಗೆ ಮುಗಿಯಬೇಕಾಗಿದ್ದಿತು. ಮುಗಿಯಲಿಲ್ಲ. ಬಾಗ್ದಾದಿಗೆ ಹೋದನು. ಅಲ್ಲಿ ಸಿತ್ತಿ ಮಾನಿ ಎಂಬ ಪೂರ್ವದೇಶದ ಕ್ರೈಸ್ತ ತರುಣಿಯನ್ನು ಮದುವೆಯಾದನು. ಪತಿಪತ್ನಿಯರಿಬ್ಬರೂ ಪರ್ಷಿಯಾಕ್ಕೆ ತೆರಳಿ ಷಾ ಅಬ್ಬಾಸನ ಆಶ್ರಯದಲ್ಲಿ ಕೆಲವು ವರ್ಷ ಕಳೆದರು. ಅಲ್ಲಿಂದ ಸಮುದ್ರಮಾರ್ಗವಾಗಿ ಹಿಂದುಸ್ಥಾನಕ್ಕೆ ಬರಬೇಕೆಂದು ಹೊರಟಾಗ ಹೊರ್ಮುಜಿನ ಬಳಿ ಯುದ್ಧ ಹೊತ್ತಿಕೊಂಡು ದಾರಿ ಕಟ್ಟಿತು. ಜ್ವರದ ಸೀಮೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಬಸುರಿಯಾಗಿದ್ದ ಮಾನಿ ಆ ಜ್ವರಕ್ಕೆ ಬಲಿಯಾಗಿ 1621ರ ಡಿಸೆಂಬರ್ 30ರಂದು ತೀರಿಕೊಂಡಳು. ಪರಸ್ಥಳದಲ್ಲಿ ಆಕೆಯನ್ನು ಮಣ್ಣುಗೊಡಲು ಡೆಲ್ಲಾ ವಾಲೆಯ ಮನಸ್ಸು ಒಪ್ಪಲಿಲ್ಲ. ಕರ್ಪೂರಾದಿಗಳಿಂದ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ಅದನ್ನು ರೋಮಿನಲ್ಲಿ ತನ್ನ ಕುಲದ ಸಮಾಧಿಯಲ್ಲಿಯೇ ಇಡುವೆನೆಂದು ನಿಶ್ಚಯಿಸಿದನು. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಕ್ಕೇರಿಯಲ್ಲಿ ನಡೆದುದು ಅರ್ಥವಾಗಲು ಇದು ಬೇಕು.

1623ರ ಫೆಬ್ರುವರಿಯಲ್ಲಿ ಇಂಗ್ಲಿಷರ ಹಡಗಿನಲ್ಲಿ ಸುರತಿಗೆ ಬಂದಿಳಿದು, ಖಂಬಾಯತ, ಅಹಮದಾಬಾದುಗಳನ್ನು ನೋಡಿಕೊಂಡು ಗೋವೆಗೆ ಬಂದನು. ಆ ವರುಷದ ಅಕ್ಟೋಬರಿನಲ್ಲಿ ಪೋರ್ತುಗೀಜರು ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸುವವರಿದ್ದರು. ಮೆಣಸಿನ ವ್ಯಾಪಾರವೂ ಕರಾವಳಿಯ ಚಿಕ್ಕ ಅರಸರ ಜಗಳವೂ ಅದಕ್ಕೆ ಕಾರಣ. ಡೆಲ್ಲಾ ವಾಲೆಗೆ ಮೆಣಸೂ ಬೇಕಾಗಿರಲಿಲ್ಲ, ರಾಜಕಾರಣವೂ ಬೇಕಾಗಿರಲಿಲ್ಲ. ಗೋವೆಯಲ್ಲಿ ಪೋರ್ತುಗೀಜರ ಹಿಡಿತದಲ್ಲಿದ್ದ ಹಿಂದುಗಳನ್ನು ಕಂಡಿದ್ದ ಆತನಿಗೆ, ತಮ್ಮದೇ ಅರಸನ ಕೆಳಗೆ ತಮ್ಮ ಧರ್ಮವನ್ನು ತಾವು ನಡೆಯಿಸಿಕೊಂಡು ಹೋಗುವ ಜನರನ್ನು ಕಾಣಬೇಕೆಂಬ ಹಂಬಲವಿದ್ದಿತು. ಆದುದರಿಂದ ರಾಯಭಾರಿಯ ಪರಿವಾರದಲ್ಲಿ ಒಬ್ಬನಾಗಿ ಅಕ್ಟೋಬರ್ 14ರಂದು ಹೊರಟನು. ವೆಂಕಟಪ್ಪನ ಕಡೆಯಿಂದ ಬಂದಿದ್ದ ರಾಯಭಾರಿ ವಿಠಲ ಶೆಣೈ ಎಂಬ ಬ್ರಾಹ್ಮಣನೂ ಜೊತೆಗಿದ್ದನು.

ಹೊನ್ನಾವರದಲ್ಲಿ ತಂಗಿದ್ದಾಗ ದೀಪಾವಳಿ ಬಂದಿತು. ಬೀದಿಯ ಮನೆಮನೆಗೂ ಹಣತೆ ಹಚ್ಚಿದುದನ್ನು ಕಂಡು ಹಬ್ಬದ ಹೆಸರನ್ನು ಕೇಳಿ ಬರೆದುಕೊಂಡನು. ಅಲ್ಲಿಂದ ಶರಾವತಿಯ ಹೊಳೆಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಸಾಗಿದರು. ಪೋರ್ತುಗೀಜರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಅರಸಿಯ ಪಟ್ಟಣವದು. ವೆಂಕಟಪ್ಪನ ಕೈಸೇರಿ ಬಹುಕಾಲವಾಗಿರಲಿಲ್ಲ. ಆದರೂ ಅರಮನೆಯ ನೆಲದಲ್ಲಿ ಮರಗಳು ಬೆಳೆದು ಕಾಡಾಗಿದ್ದವು. ಅದನ್ನು ಕಂಡು ಮರುಗಿ, ಅಲ್ಲಿಂದ ಘಟ್ಟವನ್ನೇರತೊಡಗಿದನು. ಘಟ್ಟದ ಹಸಿರು ಆತನಿಗೆ ತನ್ನ ದೇಶದ ಅಪೆನ್ನೈನ್ ಪರ್ವತಗಳನ್ನು ನೆನಪಿಗೆ ತಂದಿತು.

ಘಟ್ಟದ ಮೇಲೆ ಒಂದು ಹನುಮಂತನ ಗುಡಿ. ರಾಯಭಾರಿಯ ಸಾಮಾನುಗಳನ್ನು ಹೊರುವ ಆಳುಗಳು ಬರುವುದು ತಡವಾದುದರಿಂದ ಪ್ರಯಾಣಿಕರು ಅಲ್ಲಿ ಕಾಯಬೇಕಾಯಿತು. ಬೇಸರ ಕಳೆಯಲು ಡೆಲ್ಲಾ ವಾಲೆಯು ಗುಡಿಯ ಪಡಸಾಲೆಯಲ್ಲಿ ಕುಳಿತಿದ್ದ ನಾಲ್ವರು ಬಾಲಕರ ಕಡೆಗೆ ನೋಡಿದನು. ಶಿಕ್ಷಕ ಬಂಧುಗಳಿಗಾಗಿ ಈ ಭಾಗವನ್ನು ತುಸು ವಿಸ್ತರಿಸಿ ಹೇಳಬಯಸುತ್ತೇನೆ.

ಬಾಲಕರು ಗಣಿತ ಕಲಿಯುತ್ತಿದ್ದರು. ಅವರ ಮುಂದಿನ ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿದ್ದಿತು. ಒಬ್ಬ ಹುಡುಗನು ಲೆಕ್ಕದ ಒಂದು ಸಾಲನ್ನು ರಾಗವಾಗಿ ಹಾಡುವನು. ಹಾಡುತ್ತ ಹಾಡುತ್ತ ಅದೇ ಅಂಕಿಯನ್ನು ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಆತನು ಮುಗಿಸಿದೊಡನೆ ಉಳಿದ ಮೂವರೂ ಒಟ್ಟಾಗಿ ಅದನ್ನೇ ಹಾಡಿ, ಅದನ್ನೇ ಬರೆಯುವರು. ಬಳಿಕ ಮೊದಲಿನವನು ಮುಂದಿನ ಸಾಲನ್ನೆತ್ತಿಕೊಳ್ಳುವನು. ನೆಲವೆಲ್ಲ ಅಂಕಿಗಳಿಂದ ತುಂಬಿದರೆ ಅಂಗೈಯಿಂದ ಒರೆಸಿ, ಪಕ್ಕದಲ್ಲಿದ್ದ ಮರಳಿನ ಗುಪ್ಪೆಯಿಂದ ಹೊಸ ಮರಳನ್ನು ಚೆಲ್ಲಿಕೊಳ್ಳುವರು. ಕಾಗದ ಬೇಡ, ಲೇಖನಿ ಬೇಡ, ಮಸಿ ಬೇಡ. ಓದುಬರಹವನ್ನೂ ಹೀಗೆಯೇ ಕಲಿಯುವುದಾಗಿ ಹುಡುಗರು ತಿಳಿಸಿದರು.

ಯಾತ್ರಿಕನಿಗೆ ಒಂದು ಸಂಶಯ ಬಂದಿತು. ಗುರುವು ಅಲ್ಲಿರಲಿಲ್ಲ. ನಾಲ್ವರೂ ವಿದ್ಯಾರ್ಥಿಗಳೇ. ಒಬ್ಬನು ಮರೆತರೆ ಅಥವಾ ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದನು. ನಾಲ್ವರೂ ಒಂದೇ ಎಡೆಯಲ್ಲಿ ಒಂದೇ ಸಲಕ್ಕೆ ಮರೆಯುವುದು ಸಾಧ್ಯವಿಲ್ಲ, ಅದಕ್ಕಾಗಿಯೇ ಕೂಡಿ ಓದುತ್ತೇವೆ, ಒಬ್ಬನು ಎಡವಿದರೆ ಇನ್ನೊಬ್ಬನು ಹಿಡಿಯುತ್ತಾನೆ ಎಂಬ ಅರ್ಥದ ಮಾತನ್ನು ಆ ಮಕ್ಕಳು ಹೇಳಿದರು. ಪ್ರಪಂಚವನ್ನು ಸುತ್ತಿದ ಆ ಪಂಡಿತನು ಈ ಉತ್ತರಕ್ಕೆ ತಲೆದೂಗಿದನು. ಇದು ಸುಲಭವೂ ನಿಶ್ಚಿತವೂ ಆದ ಕಲಿಕೆಯ ಕ್ರಮವೆಂದು ಮೆಚ್ಚಿ ಬರೆದನು.

ನಮ್ಮ ಕಡೆಯ ಐಗಳ ಮಠಗಳಲ್ಲಿ ಮಗ್ಗಿ ಕಲಿತ ಹಿರಿಯರ ಬಾಯಿಂದ ಇದೇ ಕ್ರಮವನ್ನು ಕೇಳಿದವರು ನಮ್ಮಲ್ಲಿ ಅನೇಕರಿರಬಹುದು. ಇದಾಗಿ ನೂರೈವತ್ತು ವರ್ಷಗಳ ಮೇಲೆ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ತನ್ನ ಅನಾಥಾಲಯದ ಶಾಲೆಯಲ್ಲಿ ಹುಡುಗರಿಂದಲೇ ಹುಡುಗರಿಗೆ ಕಲಿಸುವ ಪದ್ಧತಿಯನ್ನು ತಂದನು. 1797ರಲ್ಲಿ ಅದನ್ನು ಕುರಿತು ಇಂಗ್ಲೆಂಡಿನಲ್ಲಿ ಗ್ರಂಥ ಪ್ರಕಟಿಸಿದನು. ಅದು ಮದ್ರಾಸ್ ಪದ್ಧತಿ ಎಂದು ಹೆಸರಾಗಿ ಆ ದೇಶದ ಬಡಮಕ್ಕಳ ಶಾಲೆಗಳಲ್ಲೆಲ್ಲ ಹರಡಿತು. ಘಟ್ಟದ ಗುಡಿಯ ಪಡಸಾಲೆಯ ಆ ನಾಲ್ವರು ಹುಡುಗರ ಹೆಸರು ಮಾತ್ರ ಯಾರಿಗೂ ತಿಳಿಯದು.

ಅದೇ ಪ್ರಯಾಣದಲ್ಲಿ ಆತನ ಗಮನ ಸೆಳೆದ ಇನ್ನೊಂದು ಸಂಗತಿ ಬಹಳ ಚಿಕ್ಕದು. ಆದರೆ ಮನುಷ್ಯನ ಸ್ವಭಾವವನ್ನು ಅದು ಚೆನ್ನಾಗಿ ತೋರಿಸುತ್ತದೆ. ಮನೆ, ಗುಡಿಗಳ ನೆಲವನ್ನು ಆಕಳ ಸೆಗಣಿಯಿಂದ ಸಾರಿಸುವುದನ್ನು ಆತನು ಕಂಡನು. ಪರದೇಶಿಯೊಬ್ಬನು ಇದನ್ನು ಕಂಡಾಗ ಮೂಗು ಮುಚ್ಚಿಕೊಳ್ಳುವುದೇ ಹೆಚ್ಚು. ಡೆಲ್ಲಾ ವಾಲೆಯು ಮೂಗು ಮುಚ್ಚಿಕೊಳ್ಳಲಿಲ್ಲ. ನೆಲವನ್ನು ಪರೀಕ್ಷಿಸಿ ನೋಡಿ, ಅದು ಎಷ್ಟು ನಯವಾಗಿ, ಹೊಳಪಾಗಿ ಬರುವುದೆಂದು ಅಚ್ಚರಿಪಟ್ಟನು. ಹಿಂದುಗಳಿಗೆ ಇದು ಮಡಿಯ ಆಚಾರವಾದರೆ, ಗೋವೆಯ ಪೋರ್ತುಗೀಜರೂ ಸ್ವಚ್ಛತೆಗಾಗಿ ಇದನ್ನು ಅನುಸರಿಸುತ್ತಿದ್ದುದನ್ನು ಗಮನಿಸಿದನು. ಹೀಗೆ ಸಾರಿಸಿದ ಮನೆಗೆ ಪ್ಲೇಗು ತಗಲುವುದಿಲ್ಲವೆಂದು ಜನರು ಹೇಳಿದುದರಿಂದ, ಇಟಲಿಗೆ ಹಿಂತಿರುಗಿದ ಮೇಲೆ ತಾನೂ ಮಾಡಿಸಿ ನೋಡಬೇಕೆಂದು ಬರೆದಿಟ್ಟನು. ರೋಮಿನ ಶ್ರೀಮಂತನ ಮಹಲಿನಲ್ಲಿ ಸೆಗಣಿಯ ಸಾರಣೆ! ಜನರ ಆ ಮಾತಿನಲ್ಲಿ ಹುರುಳಿರಲಿ ಇಲ್ಲದಿರಲಿ, ಅನ್ಯರ ಆಚಾರವನ್ನು ಕಂಡಾಗ ಇದರಲ್ಲಿ ನಮಗೆ ಉಪಯೋಗವಾಗುವುದೇನಾದರೂ ಇದೆಯೋ ಎಂದು ಕೇಳಿಕೊಳ್ಳುವ ಮನೋಧರ್ಮ ಆ ಕಾಲದಲ್ಲಿ ಅಪರೂಪವಾಗಿದ್ದಿತು.

ನವೆಂಬರಿನ ಮೊದಲ ವಾರಗಳಲ್ಲಿ ಅವರು ಇಕ್ಕೇರಿಯನ್ನು ಸೇರಿದರು. ಬಿದಿರ ಮೆಳೆಗಳ ಬೇಲಿ, ಕಂದಕಗಳು, ಉದ್ದವಾದ ಬೀದಿ, ನೆರಳಿನ ಮರಗಳು, ನಡುವೆ ಅಘೋರೇಶ್ವರನ ಕಲ್ಲುಗುಡಿ. ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲಿನ ದಿನಗಳು. ಎಂದರೆ ಕಾರ್ತಿಕ ಮಾಸ. ಗುಡಿಗಳು ರಾತ್ರಿ ದೀಪಗಳಿಂದ ತುಂಬಿರುವುದನ್ನು, ಪಂಜಿನ ಬೆಳಕಿನಲ್ಲಿ ವಾದ್ಯಮೇಳದೊಡನೆ ದೇವರ ಪಲ್ಲಕ್ಕಿ ಹೊರಡುವುದನ್ನು ಆತನು ವಿಶೇಷವೆಂದು ಬಣ್ಣಿಸಿದ್ದಾನೆ. ಅದು ಕಾರ್ತಿಕೋತ್ಸವದ ಕಾಲವೆಂಬುದು ನಮಗೆ ತಿಳಿಯುವಷ್ಟು ಸುಲಭವಾಗಿ ಪರದೇಶಿಗೆ ತಿಳಿಯುವುದೆಂತು? ಪಟ್ಟೆಯುಟ್ಟು ಹೂ ಮುಡಿದ ಹುಡುಗಿಯರು ಬಣ್ಣದ ಕೋಲುಗಳನ್ನು ಹಿಡಿದು, ವರ್ತುಲವಾಗಿ ಸುತ್ತುತ್ತ, ಒಬ್ಬರ ಕೋಲಿಗೆ ಒಬ್ಬರು ತಾಗಿಸಿ ಹಾಡುವುದನ್ನು ಬಹು ಹೊತ್ತು ನಿಂತು ನೋಡಿದನು. ಹಾಡಿನ ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ ಕೋಲೆ ಎಂಬ ಶಬ್ದವನ್ನು ತನ್ನ ಲಿಪಿಯಲ್ಲಿ ಬರೆದುಕೊಂಡು, ಅದು ಕೈಯಲ್ಲಿರುವ ಕೋಲಿನ ಹೆಸರೆಂದು ಟಿಪ್ಪಣಿ ಮಾಡಿದನು. ನಮ್ಮ ಕೋಲಾಟಕ್ಕೆ ನಾಲ್ಕುನೂರು ವರ್ಷಗಳ ಹಿಂದಿನ ಕಣ್ಣುಸಾಕ್ಷಿ ದೊರೆತುದು ಹೀಗೆ.

ಗುಡಿಯೊಳಗೆ ಆತನಿಗೆ ಎಲ್ಲೆಡೆಯೂ ಪ್ರವೇಶವಿರಲಿಲ್ಲ. ಅನ್ಯಧರ್ಮೀಯನಾದ ಆತನು ಎಷ್ಟು ದೂರ ಹೋಗಬಹುದೆಂದು ಹೇಳುತ್ತಿದ್ದರೋ ಅಷ್ಟು ದೂರ ಹೋಗಿ, ಹೊಸ್ತಿಲಿನ ಈಚೆ ನಿಂತು ಒಳಗಿನ ಕತ್ತಲೆಯಲ್ಲಿ ಕಾಣುವಷ್ಟನ್ನು ಕಾಣುತ್ತಿದ್ದನು. ಅದಕ್ಕಾಗಿ ಜಗಳ ತೆಗೆಯಲಿಲ್ಲ. ರಾಯಭಾರಿಯ ಪರಿವಾರದವನೆಂಬ ಜಂಬವನ್ನೂ ತೋರಿಸಲಿಲ್ಲ. ದಾರಿಯಲ್ಲಿ ಕಂಡ ಗುಡಿಗಳ ನಕ್ಷೆಯನ್ನು ಹೆಜ್ಜೆಯಳೆದು ಬರೆದುಕೊಂಡನು. ಆದರೂ ಆತನು ತನ್ನ ಕಾಲದ ಕಟ್ಟಾ ಕ್ಯಾಥೊಲಿಕನೇ ಆಗಿದ್ದನೆಂಬುದನ್ನು ಮರೆಯಲಾಗದು. ಬಹು ತೋಳುಗಳ ಮೂರ್ತಿಗಳು ಆತನಿಗೆ ಪಿಶಾಚಿಗಳಾಗಿ ಕಂಡವು. ಅವನ್ನು ಹಾಗೆಂದೇ ಕರೆದನು. ಕಣ್ಣು ಕಂಡುದಕ್ಕೆ ಆತನ ಬರಹದಲ್ಲಿ ಎಷ್ಟು ಬೆಲೆಯುಂಟೋ, ಮತಾಭಿಮಾನವು ನುಡಿಸಿದ ಮಾತುಗಳಿಗೆ ಅಷ್ಟೇ ಕಡಿಮೆ ಬೆಲೆ.

ವೆಂಕಟಪ್ಪ ನಾಯಕನು ಲಿಂಗವಂತನೆಂಬುದನ್ನು ಡೆಲ್ಲಾ ವಾಲೆಯು ತಿಳಿದುಕೊಂಡು ಬರೆದಿದ್ದಾನೆ. ಮಾಂಸವನ್ನು ಮುಟ್ಟದ ಅವರ ಆಹಾರನಿಯಮವನ್ನು ಗುರುತಿಸಿದ್ದಾನೆ. ಜಂಗಮರು ಪಲ್ಲಕ್ಕಿಯಲ್ಲಿ ವಾದ್ಯಗಳೊಡನೆ ಬರುವುದನ್ನು, ಬೀದಿಯ ಜನರು ಓಡಿಬಂದು ಅವರ ಪಾದ ಮುಟ್ಟುವುದನ್ನು ಕಂಡು, ಅರಸನ ರಾಜ್ಯದಲ್ಲಿ ಅರಸನಿಗಿಂತಲೂ ಮಿಗಿಲಾದ ಗೌರವಕ್ಕೆ ಪಾತ್ರರಾದವರು ಇವರಾರು ಎಂದು ವಿಚಾರಿಸಿದ್ದಾನೆ. ಪಟ್ಟದ ರಾಣಿ ಭದ್ರಮ್ಮನ ವಿಷಯವಾಗಿ ಊರಲ್ಲಿ ಕೇಳಿದ ಮಾತೊಂದನ್ನೂ ದಾಖಲಿಸಿದ್ದಾನೆ. ಅರಸನು ಮಾಂಸಾಹಾರಿಯಾದ ಅನ್ಯಮತದ ಹೆಣ್ಣಿನ ಸಂಗ ಮಾಡಿದನೆಂದು ತಿಳಿದೊಡನೆ ಆ ರಾಣಿಯು, ಇನ್ನು ಮೇಲೆ ತಾನು ಆತನಿಗೆ ಮಗಳಂತೆ ಮಾತ್ರ ಎಂದು ಹೇಳಿ, ಅರಮನೆಯಲ್ಲಿಯೇ ಇದ್ದುಕೊಂಡು, ವರ್ಷಗಳು ಉರುಳಿದರೂ ಮಾತಿಗೆ ತಪ್ಪಲಿಲ್ಲವಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬೀದಿಯ ಮಾತು ಎಂಬುದು ಬೇರೆ. ಆಚಾರದ ಕಟ್ಟು ಅರಸನ ಅಂತಃಪುರವನ್ನೂ ಬಿಡುವುದಿಲ್ಲವೆಂಬುದನ್ನು ಪರದೇಶಿಯು ಮನಗಂಡನು.

ಆದರೆ ಇಷ್ಟಲಿಂಗದ ಮರ್ಮವು ಆತನಿಗೆ ತಿಳಿಯಲಿಲ್ಲ. ಲಿಂಗವೆಂಬ ಶಬ್ದಕ್ಕೆ ಪರರು ಹೇಳಿದ ಸ್ಥೂಲಾರ್ಥವನ್ನೇ ನಂಬಿ ನಡೆದನು. ನಿರಾಕಾರವಾದುದರ ಕುರುಹನ್ನು ಭಕ್ತನು ಅಂಗೈಯಲ್ಲಿ ಹಿಡಿದು ಪೂಜಿಸುವನೆಂಬ ವಿಚಾರ ಆತನ ಬಳಿಗೆ ಬರಲೇ ಇಲ್ಲ. ಇದಕ್ಕೆ ಆತನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಆತನು ತುರ್ಕಿ, ಪಾರಸಿ ಬಲ್ಲವನು, ಕನ್ನಡ ಬಾರದು. ಲಿಂಗವಂತರನ್ನು ಕುರಿತು ಆತನಿಗೆ ದುಭಾಷಿಗಳು ಹೇಳಬೇಕು. ಶರಣರು ತಮ್ಮ ಅನುಭವವನ್ನು ಹೇಳಿದುದು ಅಚ್ಚ ಕನ್ನಡದ ವಚನಗಳಲ್ಲಿ. ಅವು ಮಠಗಳ ತಾಡೋಲೆಗಳಲ್ಲಿದ್ದವು. ಬೀದಿಯಲ್ಲಿ ನಿಂತವನಿಗೆ ಪಲ್ಲಕ್ಕಿ ಕಂಡಿತು, ಓಲೆ ಕಾಣಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಿಟ್ಟೆಲ್ ಮೊದಲಾದ ಪಾದ್ರಿಗಳು ಬಂದು ಕನ್ನಡ ಕಲಿತು, ವೀರಶೈವ ಗ್ರಂಥಗಳನ್ನೇ ಕೈಗೆತ್ತಿಕೊಳ್ಳುವವರೆಗೆ ಯುರೋಪಿನವರ ತಿಳಿವಳಿಕೆ ಇದಕ್ಕಿಂತ ಬಹಳ ಮುಂದೆ ಹೋಗಲಿಲ್ಲ.

ಇಕ್ಕೇರಿಯಲ್ಲಿ ಆತನ ಮನಸ್ಸನ್ನು ಅಲುಗಿಸಿದ ಘಟನೆ ಬೇರೊಂದು. ಒಂದು ದಿನ ಬೀದಿಯಲ್ಲಿ ತಮಟೆಯ ಸದ್ದು ಕೇಳಿ ಹೊರಬಂದನು. ಕುದುರೆಯ ಮೇಲೆ ಮುಖಕ್ಕೆ ಮರೆಯಿಲ್ಲದೆ ಒಬ್ಬ ಹೆಂಗಸು ಕುಳಿತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಯ ಹಣ್ಣು. ಮೇಲೆ ಕೊಡೆ ಹಿಡಿದಿದ್ದರು. ಗಂಡನು ಸತ್ತಿದ್ದನು, ಸಹಗಮನಕ್ಕೆ ಮೊದಲು ಆಕೆ ಊರಿಗೆ ವಿದಾಯ ಹೇಳುತ್ತಿದ್ದಳು. ಸತಿಯ ಪದ್ಧತಿಯನ್ನು ಆತನು ಗ್ರಂಥಗಳಲ್ಲಿ ಓದಿದ್ದನು. ಇದು ಗ್ರಂಥವಲ್ಲ.

ಕೆಲವು ದಿನಗಳಾದ ಮೇಲೆ, ಆಕೆ ಇನ್ನೂ ಬದುಕಿದ್ದಾಳೆಂದು ತಿಳಿದು, ದುಭಾಷಿಯನ್ನು ಕರೆದುಕೊಂಡು ಆಕೆಯ ಮನೆಯನ್ನೇ ಹುಡುಕಿ ಹೋದನು. ಹೆಸರು ಜಕ್ಕಮ್ಮ. ತೆಲುಗು ಜನಾಂಗದವಳು. ವಯಸ್ಸು ಸುಮಾರು ಮೂವತ್ತು. ಗಂಡನು ನಗಾರಿ ಬಾರಿಸುವವನು. ಆತನಿಗೆ ಇನ್ನಿಬ್ಬರು ಹೆಂಡಿರಿದ್ದರು. ಅವರು ಮಕ್ಕಳನ್ನು ಸಾಕಬೇಕೆಂಬ ಕಾರಣ ಹೇಳಿ ಸಹಗಮನವನ್ನು ಒಪ್ಪಿರಲಿಲ್ಲ. ಜಕ್ಕಮ್ಮನಿಗೂ ಎಳೆಯ ಮಕ್ಕಳಿದ್ದರು. ಅಂಗಳದಲ್ಲಿ ಬಂಧುಗಳ ನಡುವೆ ಕುಳಿತು ನಗುತ್ತ ಮಾತನಾಡುತ್ತಿದ್ದ ಆಕೆಗೆ ಯಾತ್ರಿಕನು, ತನಗೆ ತಿಳಿದ ಮಟ್ಟಿಗೆ, ಬುದ್ಧಿ ಹೇಳಿದನು. ಮಕ್ಕಳ ಗತಿಯೇನೆಂದು ಕೇಳಿದನು. ಬಂಧುಗಳು ನೋಡಿಕೊಳ್ಳುವರೆಂದು ಆಕೆ ಹೇಳಿದಳು. ಯಾರಾದರೂ ಬಲವಂತ ಮಾಡುತ್ತಿರುವರೋ ಎಂದು ಕೇಳಿದನು. ಇಲ್ಲ, ಇದು ತನ್ನ ಸ್ವಂತ ಇಚ್ಛೆ ಎಂದಳು. ಸುತ್ತಲಿದ್ದವರೂ ಹಾಗೆಯೇ ಹೇಳಿದರು. ಬಂಧುಗಳ ನಡುವೆ ಕುಳಿತ ವಿಧವೆಯು ಬೇರೆ ಏನು ಹೇಳಬಲ್ಲಳು ಎಂಬ ಪ್ರಶ್ನೆ ನಮಗೆ ಏಳುತ್ತದೆ. ಆತನಿಗೆ ಅದು ಅಷ್ಟು ತೀವ್ರವಾಗಿ ಎದ್ದಂತೆ ಕಾಣುವುದಿಲ್ಲ.

ಹದಿಮೂರು ಸಾವಿರ ಹರದಾರಿಯಲ್ಲ, ಎಷ್ಟು ದೂರವಾದರೂ ಹೊತ್ತೊಯ್ಯುವೆನೆಂದು ಸತ್ತ ಹೆಂಡತಿಯ ದೇಹವನ್ನು ಮಣ್ಣಿಗೆ ಕೊಡದೆ ಉಳಿಸಿಕೊಂಡವನು ಈ ಕಡೆ. ಸತ್ತ ಗಂಡನನ್ನು ಬಿಟ್ಟಿರಲಾರೆನೆಂದು ಬೆಂಕಿಗೆ ಸಿದ್ಧಳಾದವಳು ಆ ಕಡೆ. ಇಂತಹವನು ಆಕೆಯನ್ನು ಬರಿಯ ಮೂಢನಂಬಿಕೆಯ ಹೆಂಗಸೆಂದು ತಳ್ಳಿಹಾಕಲಾರದೆ ಹೋದುದರಲ್ಲಿ ಆಶ್ಚರ್ಯವೇನಿದೆ? ಆತನು ಆ ಆಚಾರವನ್ನು ಕ್ರೂರವೆಂದೇ ಬಗೆದನು. ಆದರೆ ಆಕೆಯ ಪ್ರೀತಿಯನ್ನು ಗೌರವಿಸಿದನು. ಮನಸ್ಸು ಬದಲಾಗದಿದ್ದರೆ ತನ್ನ ಬರಹದಿಂದ ಆಕೆಯ ಹೆಸರನ್ನು ಲೋಕದಲ್ಲಿ ಉಳಿಸುವೆನೆಂದು ಮಾತು ಕೊಟ್ಟನು. ಆಕೆಯನ್ನು ಕುರಿತು ಮೂರು ಸುನೀತಗಳನ್ನೂ ರಚಿಸಿದನು. ಚಿತೆಯ ದಿನ ತಿಳಿದರೆ ಹೋಗಿ ಗೌರವ ಸಲ್ಲಿಸಬೇಕೆಂಬ ಇಚ್ಛೆ ಆತನಿಗಿದ್ದಿತು. ಆದರೆ ಇಕ್ಕೇರಿಯನ್ನು ಬಿಡುವ ಸಮಯ ಹತ್ತಿರವಾಗಿದ್ದಿತು. ಆತನ ವರ್ಣನೆ ಆ ಮನೆಯ ಅಂಗಳದಲ್ಲಿಯೇ ನಿಲ್ಲುತ್ತದೆ.

ಮೃತರನ್ನು ಸಮಾಧಿ ಮಾಡುವ ಲಿಂಗವಂತರ ಅರಸೊತ್ತಿಗೆಯ ಊರಿನಲ್ಲಿಯೇ, ಅದೇ ಬೀದಿಯಲ್ಲಿ, ಚಿತೆಯ ಆಚಾರವೂ ನಡೆಯುತ್ತಿದ್ದಿತು. ನಮ್ಮ ಹಾನಗಲ್ಲ, ಶಿಗ್ಗಾವಿ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳ ಪಕ್ಕದಲ್ಲಿ ಮಾಸ್ತಿಕಲ್ಲುಗಳು ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಬಳೆ ತೊಟ್ಟ ಆ ಕಲ್ಲಿನ ಕೈಯಲ್ಲಿ ಹಲವೆಡೆ ನಿಂಬೆಯ ಹಣ್ಣು, ಕನ್ನಡಿಗಳು ಕೊರೆದಿರುತ್ತವೆ. ಇಕ್ಕೇರಿಯ ಕುದುರೆಯ ಮೇಲೆ ಇಟಲಿಯವನು ಕಂಡುದು ಅದನ್ನೇ, ಜೀವಂತವಾಗಿ. 1829ರಲ್ಲಿ ಬೆಂಟಿಂಕನ ಕಾಯಿದೆಯು ಬಂಗಾಲದಲ್ಲಿ ಈ ಪದ್ಧತಿಯನ್ನು ನಿಷೇಧಿಸುವವರೆಗೆ ಇನ್ನೂ ಎರಡು ಶತಮಾನಗಳು ಕಳೆಯಬೇಕಾಯಿತು.

ಇಕ್ಕೇರಿಯಿಂದ ಡೆಲ್ಲಾ ವಾಲೆಯು ಘಟ್ಟವಿಳಿದು ಬಸರೂರು, ಮಂಗಳೂರುಗಳಿಗೆ ಹೋದನು. ಕದ್ರಿಯಲ್ಲಿ ಜೋಗಿಗಳ ಅರಸನೆಂದು ಹೆಸರಾದವನನ್ನು ಕಾಣಲು ಹೋಗಿ, ಸಿಂಹಾಸನದ ಬದಲು ಹೊಲಗೆಲಸದಲ್ಲಿ ತೊಡಗಿದ್ದ ಬಡ ಮುದುಕನನ್ನು ಕಂಡನು. ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಂಡುದೂ ಅರಮನೆಯಲ್ಲಲ್ಲ. ಬರಿಗಾಲಿನಲ್ಲಿ ನಿಂತು ಕಾಲು‌ವೆ ತೋಡಿಸುತ್ತಿದ್ದ ಬಯಲಿನಲ್ಲಿ. ಆಕೆಯ ಮಗನು ಪರದೇಶಿಗೆ ಊಟ ಹಾಕಿಸಿದನು. ಜಾತಿಯ ಕಟ್ಟಳೆಯಿಂದ ಜೊತೆಗೆ ಉಣ್ಣುವಂತಿಲ್ಲ. ಆದುದರಿಂದ ಅತಿಥಿಯ ಎದುರು ಕುಳಿತು ಮಾತನಾಡುತ್ತ ಬಡಿಸಿದನು. ಬಾಳೆಯ ಎಲೆಯ ಮೇಲಿನ ಅನ್ನವನ್ನು ಕೈಯಿಂದ ಉಣ್ಣಲು ಬಾರದ ರೋಮಿನವನು ತನ್ನ ಚಮಚ, ಮುಳ್ಳುಚಮಚಗಳನ್ನು ಹೊರತೆಗೆದಾಗ ಅಲ್ಲಿದ್ದವರೆಲ್ಲ ಬೆರಗಾಗಿ ನೋಡಿದರು. ಆವರೆಗೆ ಇತರರ ಆಚಾರಗಳನ್ನು ನೋಡಿ ಬರೆಯುತ್ತಿದ್ದವನು ಅಂದು ತಾನೇ ಜನರಿಗೆ ನೋಟವಾದನು. ಇದನ್ನು ಆತನು ನಗುತ್ತಲೇ ಬರೆದಂತಿದೆ.

ಕಲ್ಲಿಕೋಟೆಯವರೆಗೆ ಹೋಗಿ, ಗೋವೆಗೆ ಮರಳಿ, 1624ರ ಕೊನೆಯಲ್ಲಿ ಹಿಂದುಸ್ಥಾನವನ್ನು ಬಿಟ್ಟನು. ಬಸ್ರಾ, ಅಲೆಪ್ಪೊಗಳ ದಾರಿಯಲ್ಲಿ ಮರುಭೂಮಿಯನ್ನು ದಾಟಿ 1626ರ ಮಾರ್ಚ್ 28ರಂದು ರೋಮನ್ನು ಸೇರಿದನು. ಹೆಂಡತಿಯ ಪೆಟ್ಟಿಗೆಯೂ ಸೇರಿತು. ಮರುವರ್ಷ ಆರಾಚೆಲಿ ಎಂಬ ಇಗರ್ಜಿಯಲ್ಲಿ ಮಾನಿಯ ಉತ್ತರಕ್ರಿಯೆಯನ್ನು ವೈಭವದಿಂದ ನಡೆಯಿಸಿ, ಸ್ಮರಣೆಯ ಭಾಷಣವನ್ನು ತಾನೇ ಮಾಡಲು ನಿಂತನು. ದುಃಖ ಉಕ್ಕಿಬಂದು ಮಾತು ಕಟ್ಟಿತೆಂದು ಹೇಳುತ್ತಾರೆ. ಮಾನಿಯು ಸಾಕಿಕೊಂಡಿದ್ದ ಜಾರ್ಜಿಯಾ ದೇಶದ ಅನಾಥ ಬಾಲಿಕೆಯೂ ಈ ಯಾತ್ರೆಯುದ್ದಕ್ಕೂ ಆತನ ರಕ್ಷಣೆಯಲ್ಲಿದ್ದಳು. ಮುಂದೆ ಆಕೆಯನ್ನೇ ಮದುವೆಯಾಗಿ ಹದಿನಾಲ್ಕು ಮಕ್ಕಳನ್ನು ಪಡೆದನು. ಪೋಪರು ಆತನಿಗೆ ಗೌರವದ ಹುದ್ದೆಯನ್ನಿತ್ತರು. ಸಿಟ್ಟಿನ ಭರದಲ್ಲಿ ಪೋಪರ ಆಳೊಬ್ಬನನ್ನು ಕೊಂದು ಕೆಲಕಾಲ ಊರು ಬಿಟ್ಟು ಓಡಬೇಕಾಗಿಯೂ ಬಂದಿತು. ಲೋಕವನ್ನೆಲ್ಲ ಅಷ್ಟು ತಾಳ್ಮೆಯಿಂದ ನೋಡಿದವನಿಗೆ ತನ್ನ ಊರಿನಲ್ಲಿ ಆ ತಾಳ್ಮೆ ಉಳಿಯಲಿಲ್ಲವೆಂಬುದು ವಿಚಿತ್ರವಾದರೂ ನಿಜ.

1652ರ ಏಪ್ರಿಲ್ 21ರಂದು ಆತನು ತೀರಿಕೊಂಡನು. ಮಾನಿಯನ್ನಿಟ್ಟ ಇಗರ್ಜಿಯಲ್ಲಿಯೇ ಆತನನ್ನೂ ಇಟ್ಟರು. ಪತ್ರಗಳಲ್ಲಿ ತುರ್ಕಿಯ ಭಾಗವು ಮಾತ್ರ 1650ರಲ್ಲಿ, ಆತನು ಬದುಕಿದ್ದಾಗಲೇ ಅಚ್ಚಾಗಿದ್ದಿತು. ಪರ್ಷಿಯಾದ ಭಾಗವು 1658ರಲ್ಲಿ ಹೊರಬಂದಿತು. ವೆಂಕಟಪ್ಪ ನಾಯಕನ ಮೊಮ್ಮಗನಾದ ವೀರಭದ್ರನ ಕಾಲದಲ್ಲಿ ಕೆಳದಿಯ ರಾಜಧಾನಿಯು ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. ಬಿದಿರ ಬೇಲಿಯ ಆ ಪಟ್ಟಣವು ಕ್ರಮೇಣ ಹಳ್ಳಿಯಾಗಿ, ಅಘೋರೇಶ್ವರನ ಗುಡಿಯೊಂದೇ ಹಳೆಯ ಹಿರಿಮೆಯನ್ನು ಹೇಳುತ್ತ ನಿಂತಿತು. ಹಿಂದುಸ್ಥಾನದ ಭಾಗವು ಅಚ್ಚಾದುದು 1663ರಲ್ಲಿ, ಬರೆದವನು ಸತ್ತು ಹನ್ನೊಂದು ವರ್ಷಗಳ ಮೇಲೆ. ಮರಳಿನ ಮೇಲೆ ಮಗ್ಗಿ ಬರೆದ ಹುಡುಗರೂ, ಕೋಲಾಟದ ಹುಡುಗಿಯರೂ, ನಗಾರಿಯವನ ಹೆಂಡತಿ ಜಕ್ಕಮ್ಮನ ಹೆಸರೂ ಅದರಲ್ಲಿದ್ದವು.